ಹುಷಾರಾದ ಮೇಲೂ ಮಾತ್ರೆ

ಎರಡು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಅಡುಗೆಮನೆಯ ಅಟ್ಟದ ಮೇಲೆ ಬೆಲ್ಲದ ಡಬ್ಬಿ ಹುಡುಕುತ್ತಿದ್ದೆ. ಡಬ್ಬಿಯ ಹಿಂದೆ ಹಳೆಯ ಹಾರ್ಲಿಕ್ಸ್ ಬಾಟಲಿಯೊಂದು ಕೈಗೆ ತಗುಲಿತು. ಮುಚ್ಚಳ ತೆಗೆದರೆ ಒಳಗೆ ಮಾತ್ರೆಯ ಸ್ಟ್ರಿಪ್ಪುಗಳು. ಆಮ್ಲೊಡಿಪಿನ್, 5 ಮಿಲಿಗ್ರಾಂ. ನೆಲದ ಮೇಲೆ ಹರಡಿಕೊಂಡು ಎಣಿಸಿದೆ. ಹದಿನಾಲ್ಕು ಸ್ಟ್ರಿಪ್ಪು. ಒಂದರಲ್ಲಿ ಮಾತ್ರ ಆರು ಗುಳಿ ಖಾಲಿ, ಉಳಿದವು ಮುಟ್ಟದೆ ಹಾಗೇ ಇದ್ದವು. ತಿಂಗಳು ತಿಂಗಳು ಹೋಗಿ ಸಾಲಿನಲ್ಲಿ ನಿಂತು ಅಮ್ಮ ಮಾತ್ರೆ ತಂದಿದ್ದಳು, ಜೋಪಾನವಾಗಿ ಎತ್ತಿಯೂ ಇಟ್ಟಿದ್ದಳು. ನುಂಗಿರಲಿಲ್ಲ, ಅಷ್ಟೇ.

“ಏನಮ್ಮ ಇದು?” ಅಂದೆ.

ಒಲೆ ಮುಂದಿನಿಂದ ಏಳದೆಯೇ ಹೇಳಿದಳು: “ಚೆನ್ನಾಗೇ ಇವ್ನಲ್ಲಮ್ಮ. ತಲೆಸುತ್ತು ಬತ್ತಿತ್ತು, ನಿಂತೋಯ್ತು. ಇನ್ಯಾಕೆ ಮಾತ್ರೆ?”

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು. ಆ ದಿನದಿಂದ ನಮ್ಮ ಕಡೆಯ ಮನೆಗಳಲ್ಲಿ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ನಂಟರ ಮನೆಗಳಲ್ಲಿ ಇದೊಂದೇ ಪ್ರಶ್ನೆ ಕೇಳುತ್ತ ಬಂದಿದ್ದೇನೆ: ಮಾತ್ರೆ ಯಾವಾಗ ನಿಲ್ಲಿಸಿದಿರಿ? ಉತ್ತರ ಬಹುಪಾಲು ಅಮ್ಮನದೇ. ಹುಷಾರಾಯ್ತು, ನಿಲ್ಲಿಸಿದೆ. ನಮ್ಮ ಭಾಷೆಯಲ್ಲಿ ಕಾಯಿಲೆ ಬಂದವರನ್ನು ‘ಹುಷಾರಿಲ್ಲ’ ಎನ್ನುತ್ತೇವೆ. ಅಂದರೆ ಎದ್ದು ಓಡಾಡುವ ಶಕ್ತಿ ಇಲ್ಲ ಎಂದು. ಓಡಾಡುವಂತಾದರೆ ಹುಷಾರು. ಜ್ವರಕ್ಕೆ, ವಾಂತಿಭೇದಿಗೆ, ಚೇಳು ಕಡಿತಕ್ಕೆ ಈ ಅಳತೆ ಸರಿಯಾಗಿಯೇ ಕೆಲಸ ಮಾಡಿದೆ. ಈಗ ಈ ನಾಲ್ಕು ತಾಲ್ಲೂಕುಗಳ ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಬಂದಿರುವ ಕಾಯಿಲೆಗಳಿಗೆ ಈ ಅಳತೆ ಸಾಲುತ್ತಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತಹೀನತೆ ಬಹಳ ಕಾಲ ಸದ್ದಿಲ್ಲದೆ ಇರುವಂಥವು. ಕ್ಷಯ ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ ಸದ್ದಡಗಿಸಿಕೊಂಡು ಒಳಗೆ ಕೂರುತ್ತದೆ.

ಸದ್ದು ಮಾಡುವ ಕಾಯಿಲೆಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಮಳೆಗಾಲದಲ್ಲಿ ಯಾವುದೇ ಹೋಬಳಿ ಊರಿನ ಕ್ಲಿನಿಕ್ಕಿನ ಮುಂದೆ ನಿಂತರೂ ಕೇಳುವ ಮಾತು ಒಂದೇ, “ಒಂದು ಸೂಜಿ ಹಾಕ್ಬಿಡಿ ಡಾಕ್ಟ್ರೇ.” ಇನ್ನೂ ಸುಸ್ತಾಗಿದ್ದರೆ “ಒಂದು ಬಾಟ್ಲಿ ಗ್ಲೂಕೋಸು.” ವೈರಸ್ಸಿನಿಂದ ಬರುವ ಮಾಮೂಲು ನೆಗಡಿ ಜ್ವರ ನಾಲ್ಕೈದು ದಿನದಲ್ಲಿ ತಾನೇ ಇಳಿಯುತ್ತದೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿ, ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಬಾಯಲ್ಲಿ ಗಂಜಿ, ಮಜ್ಜಿಗೆ ಇಳಿಯುವವರಿಗೆ ಡ್ರಿಪ್ಪಿನಿಂದ ಹೆಚ್ಚಿನ ಬಲವೇನೂ ಬರುವುದಿಲ್ಲ. ಡೆಂಗಿ ಜ್ವರದಲ್ಲಿ ಮಾತ್ರ ಎಚ್ಚರ ಬೇಕು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದರಲ್ಲಿ ಅಪಾಯ ಎದುರಾಗುವುದು ಜ್ವರ ಏರಿದಾಗಲ್ಲ, ಇಳಿಯುವ ಹೊತ್ತಿಗೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಕಂಡರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಬ್ರೂಫೆನ್ ಕೊಟ್ಟರೆ ರಕ್ತಸ್ರಾವ ಹೆಚ್ಚಬಹುದು. ನನ್ನನ್ನು ಕಾಡುವುದು ಬೇರೆ ವಿಷಯ: ತಾನಾಗಿ ಹೋಗುವ ಜ್ವರಕ್ಕೆ ಸೂಜಿ ಬೇಕೆಂದು ಹಟ ಹಿಡಿಯುವ ನಾವೇ, ತಾನಾಗಿ ಎಂದೂ ಹೋಗದ ಬಿಪಿಗೆ ಮಾತ್ರೆ ಬೇಡ ಅನ್ನುತ್ತೇವೆ.

ಔಷಧಿ ಇಲ್ಲದಿದ್ದರೆ ಕಾಯಿಲೆ ಏನು ಮಾಡುತ್ತದೆ ಎಂಬುದರಲ್ಲಿ, ಕ್ಷಯದ ವಿಷಯವಾಗಿ, ನಮ್ಮ ಜಿಲ್ಲೆ ಜಗತ್ತಿಗೇ ಪಾಠ ಹೇಳಿದೆ. ಅದು ನಮ್ಮ ಜಿಲ್ಲೆಯವರಿಗೇ ಗೊತ್ತಿಲ್ಲ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಇವತ್ತೂ ಬಳ್ಳಾರಿ ರಸ್ತೆಯಲ್ಲಿದೆ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಹೋಗುವವರು ದಿನವೂ ಹಾಯುವ ರಸ್ತೆ ಅದು. ಆಗ ದೇಶದ ಮುಂದಿದ್ದ ಪ್ರಶ್ನೆಗಳು ಬಹಳ ಮೂಲಭೂತವಾದವು. ಕ್ಷಯ ಪಟ್ಟಣದ ಕಾಯಿಲೆಯೋ, ಹಳ್ಳಿಯಲ್ಲೂ ಇದೆಯೋ? ಎಷ್ಟು ಜನಕ್ಕಿದೆ? ಬಂದವರು ಏನಾಗುತ್ತಾರೆ? ಉತ್ತರ ಹುಡುಕಲು ಸಂಸ್ಥೆಯ ತಂಡಗಳು ಆಗಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳನ್ನು ಆರಿಸಿಕೊಂಡವು: ನೆಲಮಂಗಲ, ದೇವನಹಳ್ಳಿ, ಮತ್ತೆ ಈಗ ಬೇರೆ ಜಿಲ್ಲೆಗೆ ಸೇರಿರುವ ಮಾಗಡಿ. 119 ಹಳ್ಳಿ. 1961ರಿಂದ 1968ರವರೆಗೆ ನಾಲ್ಕು ಸುತ್ತು. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡರು, ತೋಳಿಗೆ ಟ್ಯುಬರ್ಕ್ಯುಲಿನ್ ಚುಚ್ಚಿ ಊತವನ್ನು ಅಳೆದರು, ಎದೆಯ ಎಕ್ಸ್‌ರೇ ತೆಗೆದರು, ಅನುಮಾನ ಬಂದವರ ಕಫವನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಪ್ರಯೋಗಾಲಯಕ್ಕೆ ತಂದರು. ಕರೆಂಟು ಬಾರದ ಊರುಗಳು, ಮಳೆ ಬಂದರೆ ಗಾಡಿ ಹೂತುಹೋಗುವ ದಾರಿಗಳು. ಆ ತಂಡದವರ ದುಡಿಮೆಯನ್ನು ನೆನೆದರೆ ಗೌರವ ಬರುತ್ತದೆ.

ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಕ್ಕವರು 126 ಜನ. ಆ ಹಳ್ಳಿಗಳಲ್ಲಿ ಆಗ ಸಂಘಟಿತ ಕ್ಷಯ ಚಿಕಿತ್ಸೆ ಇರಲಿಲ್ಲ. ಐದು ವರ್ಷ ಕಳೆದು ನೋಡಿದಾಗ 126ರಲ್ಲಿ 62 ಜನ ತೀರಿಹೋಗಿದ್ದರು. 41 ಜನರ ಕಫದಲ್ಲಿ ಬ್ಯಾಕ್ಟೀರಿಯಾ ಕಾಣದಂತಾಗಿತ್ತು. ಉಳಿದ 23 ಜನ ಇನ್ನೂ ಕೆಮ್ಮುತ್ತ, ಮನೆಯವರಿಗೆ ಹಂಚುತ್ತ ಇದ್ದರು. ಅರ್ಧ ಜನ ಸಾವು, ಮೂರರಲ್ಲೊಂದು ಪಾಲು ಚೇತರಿಕೆ, ಉಳಿದವರು ರೋಗದ ಜೊತೆಗೇ ಬದುಕು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಈ ಲೆಕ್ಕ, ಔಷಧಿ ಇಲ್ಲದಿದ್ದರೆ ಕ್ಷಯ ಏನು ಮಾಡುತ್ತದೆ ಎಂಬುದಕ್ಕೆ ಇವತ್ತಿಗೂ ಜಗತ್ತಿನ ವೈದ್ಯರು ತೋರಿಸುವ ಆಧಾರಗಳಲ್ಲೊಂದು. ಆ 62 ಜನರ ಹೆಸರು ಯಾವ ಪತ್ರಿಕೆಯಲ್ಲೂ ಇಲ್ಲ. ನೆಲಮಂಗಲದ ಯಾವುದೋ ಹಟ್ಟಿಯಲ್ಲಿ, ದೇವನಹಳ್ಳಿಯ ಯಾವುದೋ ಕೇರಿಯಲ್ಲಿ ಅವರ ಮೊಮ್ಮಕ್ಕಳು ಈಗಲೂ ಇರಬೇಕು. ಈ ಅಂಕಿಯನ್ನು ಓದಿದಾಗಲೆಲ್ಲ ಆ ಮನೆಗಳ ಋಣ ನಮ್ಮ ಮೇಲಿದೆ ಅನ್ನಿಸುತ್ತದೆ.

ಅದೇ ಸಂಸ್ಥೆಯ ಇನ್ನೊಂದು ಕೆಲಸ ನನಗೆ ಇದಕ್ಕಿಂತಲೂ ದೊಡ್ಡದು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಪಕ್ಕದ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಮಾತಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಎಲ್ಲರ ನಂಬಿಕೆ. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಹತ್ತಿರದ ಆಸ್ಪತ್ರೆಗೂ ಹೋಗಿಬಂದಿದ್ದರು. ಅಲ್ಲಿ ಅವರ ಕೈಗೆ ಸಿಕ್ಕದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಯಾರೂ ಮಾಡಿರಲಿಲ್ಲ. ಆದ್ದರಿಂದ ಕ್ಷಯಕ್ಕೆ ಬೇರೆ ಆಸ್ಪತ್ರೆ, ಬೇರೆ ಗಾಡಿ ಬೇಕಿಲ್ಲ, ಜನ ಮಾಮೂಲಾಗಿ ಹೋಗುವ ಆಸ್ಪತ್ರೆಯಲ್ಲೇ ಕೆಮ್ಮಿನವರ ಕಫ ನೋಡಿ ಔಷಧಿ ಕೊಡಿ ಎಂಬ ತೀರ್ಮಾನಕ್ಕೆ ಬಂದರು. ಅಧ್ಯಯನ ಅಚ್ಚಾಗುವ ಮೊದಲೇ, 1962ರಲ್ಲಿ, ಶುರುವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತಿದ್ದು ಈ ತಿಳಿವಿನ ಮೇಲೆ. ‘ಜನಕ್ಕೆ ತಿಳಿವಳಿಕೆ ಇಲ್ಲ’ ಎಂದು ಯಾರಾದರೂ ವೇದಿಕೆ ಮೇಲೆ ಹೇಳಿದಾಗ ನನಗೆ ಆ ಕೆಮ್ಮಿನ ಔಷಧಿಯ ಬಾಟಲಿ ನೆನಪಾಗುತ್ತದೆ.

ಕ್ಷಯಕ್ಕೆ ಔಷಧಿ ಆಗಲೂ ಇತ್ತು. ಮದರಾಸಿನಲ್ಲಿ 1956ರಿಂದ ನಡೆದ ಪ್ರಯೋಗ, ಸ್ಯಾನಿಟೋರಿಯಮ್ಮಿನಲ್ಲಿ ಮಲಗಿಸಿ ಒಳ್ಳೆಯ ಊಟ ಹಾಕಿದವರೂ ಮನೆಯಲ್ಲೇ ಇದ್ದು ಮಾತ್ರೆ ನುಂಗಿದವರೂ ಹೆಚ್ಚೂಕಡಿಮೆ ಒಂದೇ ರೀತಿ ಗುಣವಾಗುತ್ತಾರೆಂದು ತೋರಿಸಿತು. ಬಡವರ ಪಾಲಿಗೆ ಅದು ದೊಡ್ಡ ಸುದ್ದಿ. ಮನೆಯಲ್ಲೇ ಇರಬಹುದು, ಆದರೆ ಮಾತ್ರೆ ಮಾತ್ರ ತಪ್ಪುವಂತಿಲ್ಲ. ಆಗ ಒಂದು ವರ್ಷಕ್ಕೂ ಹೆಚ್ಚು ನಡೆಯುತ್ತಿದ್ದ ಚಿಕಿತ್ಸೆ ಈಗ ಆರು ತಿಂಗಳಿಗೆ ಇಳಿದಿದೆ. ಐಸೊನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್ ಈ ನಾಲ್ಕೂ ಸೇರಿದ ಮಾತ್ರೆ ಎರಡು ತಿಂಗಳು, ಪೈರಜಿನಮೈಡ್ ಬಿಟ್ಟು ಉಳಿದ ಮೂರು ನಾಲ್ಕು ತಿಂಗಳು. ರೋಗಿಯ ತೂಕ ನೋಡಿ ದಿನಕ್ಕೆ ಎಷ್ಟು ಮಾತ್ರೆ ಎಂದು ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ.

ಆರು ತಿಂಗಳು ಯಾಕೆ ಎಂಬುದನ್ನು ರೋಗಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ, ಹಾಗಾಗಿ ಇಲ್ಲಿ ಹೇಳುತ್ತೇನೆ. ಕ್ಷಯದ ಬ್ಯಾಕ್ಟೀರಿಯಾ ನಿಧಾನಸ್ಥ. ಬೇರೆ ಕೆಲವು ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಒಂದು ಎರಡಾದರೆ, ಇದಕ್ಕೆ ಹೆಚ್ಚೂಕಡಿಮೆ ಒಂದು ದಿನ ಬೇಕು. ಔಷಧಿ ಸುಲಭವಾಗಿ ಕೊಲ್ಲುವುದು ಚುರುಕಾಗಿ ಬೆಳೆಯುತ್ತಿರುವುದನ್ನು. ಮೊದಲ ಕೆಲವು ವಾರಗಳಲ್ಲಿ ಅಂಥವೆಲ್ಲ ಸಾಯುತ್ತವೆ, ಕೆಮ್ಮು ಕಡಿಮೆಯಾಗುತ್ತದೆ, ಸಂಜೆಯ ಜ್ವರ ನಿಲ್ಲುತ್ತದೆ, ಊಟ ರುಚಿಸುತ್ತದೆ, ಎರಡು ಕೆಜಿ ತೂಕವೂ ಏರಬಹುದು. ಶ್ವಾಸಕೋಶದ ಮೂಲೆಯಲ್ಲಿ ಮಂಕಾಗಿ ಮಲಗಿದವು ಮಾತ್ರ ಉಳಿದಿರುತ್ತವೆ. ಅವು ಆಗಾಗ ಎದ್ದಾಗ ಸಿಕ್ಕಿಬೀಳಲಿ ಎಂದು ಮುಂದಿನ ನಾಲ್ಕು ತಿಂಗಳು ಔಷಧಿಯನ್ನು ಕಾವಲಿಗೆ ಇಡಬೇಕು. ಎರಡನೇ ತಿಂಗಳ ಕೊನೆಗೆ, ಹುಷಾರಾದೆ ಎಂದು ನಿಲ್ಲಿಸಿದರೆ ಉಳಿದವು ಮತ್ತೆ ಬೆಳೆಯುತ್ತವೆ. ನಿಲ್ಲಿಸಿ ನಿಲ್ಲಿಸಿ ನುಂಗಿದವರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವೂ ಇದೆ. ಆಮೇಲೆ ಚಿಕಿತ್ಸೆ ಇನ್ನೂ ಕಷ್ಟ.

ಇನ್ನೊಂದು ಸಣ್ಣ ವಿಷಯ ಬಹಳ ಜನರನ್ನು ಹೆದರಿಸಿದೆ. ರಿಫಾಂಪಿಸಿನ್ ನುಂಗಿದ ಮೇಲೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಕಣ್ಣೀರು, ಬೆವರಿಗೂ ಬಣ್ಣ ಹತ್ತಬಹುದು. ನಮ್ಮ ಬೀದಿಯ ಮಗ್ಗದ ಕೆಲಸದವರೊಬ್ಬರು ರಕ್ತ ಹೋಗುತ್ತಿದೆ ಎಂದು ಹೆದರಿ ನಾಲ್ಕನೇ ದಿನಕ್ಕೇ ಮಾತ್ರೆ ಬಿಟ್ಟಿದ್ದರು. ಅದು ಔಷಧಿಯ ಬಣ್ಣ ಎಂದು ಮೊದಲ ದಿನವೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ ಅದು ಬೇರೆ ಮಾತು. ಪಿತ್ತಜನಕಾಂಗದ (ಲಿವರ್) ಮೇಲೆ ಒತ್ತಡ ಬಿದ್ದಿರಬಹುದು, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕಫ ಕೊಡುವುದೂ ಹಾಗೆಯೇ. ಡಬ್ಬಿ ಕೈಗಿಟ್ಟು “ನಾಳೆ ತನ್ನಿ” ಎಂದರೆ ಬಹಳ ಜನ ಎಂಜಲು ಉಗುಳಿ ತರುತ್ತಾರೆ, ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಸಲ ಉಸಿರನ್ನು ಆಳಕ್ಕೆ ಎಳೆದುಕೊಂಡು ಎದೆಯಾಳದಿಂದ ಕೆಮ್ಮಿ ಬಂದ ಗಟ್ಟಿ ಕಫವನ್ನು ಡಬ್ಬಿಗೆ ಹಾಕಬೇಕು. ಎರಡು ವಾರ ದಾಟಿದ ಕೆಮ್ಮು, ಸಂಜೆ ಸಂಜೆ ಜ್ವರ, ರಾತ್ರಿ ಬೆವರು, ಇಳಿಯುವ ತೂಕ, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದೇ ಇದ್ದರೂ ಕೆಮ್ಮಿನ ಸಿರಪ್ಪು ಕೊಳ್ಳುವ ಮೊದಲು ಈ ಡಬ್ಬಿ ಕೇಳಿ ಪಡೆಯಬೇಕು. ಈಗ ಟ್ರೂನ್ಯಾಟ್ ಎಂಬ ಯಂತ್ರ ಒಂದೆರಡು ಗಂಟೆಯಲ್ಲಿ ಕ್ಷಯ ಇದೆಯೋ ಇಲ್ಲವೋ ಹೇಳುತ್ತದೆ. ಇದ್ದರೆ ಅದು ರಿಫಾಂಪಿಸಿನ್‌ಗೆ ಬಗ್ಗುವ ಜಾತಿಯೋ ಎಂಬುದನ್ನು ಅದೇ ಯಂತ್ರದ ಮುಂದಿನ ಪರೀಕ್ಷೆ ತಿಳಿಸುತ್ತದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ಹುಟ್ಟಿದ ತಂತ್ರ ಅದು.

ಕ್ಷಯಕ್ಕೂ ಹಸಿವಿಗೂ ಇರುವ ನಂಟನ್ನು ನಮ್ಮ ಹಿರಿಯರು ಬಲ್ಲರು. ‘ಕ್ಷಯ’ ಎಂಬ ಹೆಸರಿನಲ್ಲೇ ಕರಗಿಹೋಗುವ ಅರ್ಥವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡದಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆಲ್ಲ ಅಕ್ಕಿ, ಬೇಳೆಯಂಥ ದಿನಸಿ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ ಸುಮಾರು 40 ಭಾಗ ಕಡಿಮೆಯಾಯಿತು. ಒಂದು ಲಸಿಕೆಯಷ್ಟೇ ತೂಕದ ಫಲಿತಾಂಶ ಇದು. ರೋಗಿಗೆ ಸರ್ಕಾರ ಆಹಾರಕ್ಕೆಂದು ಕೊಡುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 500 ರೂಪಾಯಿಯಿಂದ 1,000ಕ್ಕೆ ಏರಿಸಿದ್ದಾರೆ. ಒಬ್ಬ ದುಡಿಯುವವನು ಮನೆಯಲ್ಲಿ ಕೂತರೆ ಆಗುವ ನಷ್ಟದ ಮುಂದೆ ಅದು ಸಣ್ಣದು, ಆದರೂ ಕೇಳಿ ಪಡೆಯಬೇಕಾದ ಹಕ್ಕು. ಇನ್ನು ತಟ್ಟೆ ಲೋಟ ಬೇರೆ ಮಾಡುವ ಪದ್ಧತಿ ಇವತ್ತೂ ಹೋಗಿಲ್ಲ. ಕ್ಷಯ ಹರಡುವುದು ಗಾಳಿಯಿಂದ, ಕೆಮ್ಮಿನಿಂದ. ತಟ್ಟೆಯಿಂದ ಹರಡುವುದಿಲ್ಲ. ಸರಿಯಾದ ಔಷಧಿ ನಿಯಮವಾಗಿ ನುಂಗಿದವರಿಂದ ಕೆಲವೇ ವಾರಗಳಲ್ಲಿ ಹರಡುವ ಭಯ ಬಹಳ ಇಳಿಯುತ್ತದೆ. ಮನೆಯವರು ಮಾಡಬೇಕಾದ್ದು ಕಿಟಕಿ ತೆಗೆಯುವುದು.

ಈಗ ಅಮ್ಮನ ಹಾರ್ಲಿಕ್ಸ್ ಬಾಟಲಿಗೆ ಬರುತ್ತೇನೆ.

ದೇಶದಲ್ಲಿ ಎಷ್ಟು ಜನಕ್ಕೆ ರಕ್ತದೊತ್ತಡ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂತು. ವಯಸ್ಕರಲ್ಲಿ ನೂರಕ್ಕೆ 35ಕ್ಕಿಂತ ಹೆಚ್ಚು ಜನಕ್ಕೆ ಬಿಪಿ, 11ಕ್ಕಿಂತ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ. ಬಿಪಿ ಅಂದರೆ ಹೃದಯ ರಕ್ತ ತಳ್ಳುವಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ. ಬೋರ್‌ವೆಲ್ ಮೋಟಾರು ಹೆಚ್ಚಿನ ಒತ್ತಡದಲ್ಲಿ ನೀರು ತಳ್ಳಿದರೆ ಪೈಪು ಅದೇ ದಿನ ಒಡೆಯುವುದಿಲ್ಲ. ವರ್ಷಗಟ್ಟಲೆ ತಡೆದು, ಒಂದು ದಿನ ಜೋಡಣೆಯಲ್ಲಿ ಕಿತ್ತುಕೊಳ್ಳುತ್ತದೆ. ದೇಹದಲ್ಲಿ ಆ ಜೋಡಣೆಗಳು ಮಿದುಳಿನಲ್ಲಿ, ಮೂತ್ರಪಿಂಡದಲ್ಲಿ, ಕಣ್ಣಿನಲ್ಲಿ, ಹೃದಯದಲ್ಲಿ ಇವೆ. ಲಕ್ವ ಹೊಡೆದ ಬೆಳಗಿನವರೆಗೂ ಅವರು ‘ಚೆನ್ನಾಗೇ’ ಇದ್ದರು ಎಂದು ಎಷ್ಟು ಮನೆಗಳಲ್ಲಿ ಕೇಳಿದ್ದೇವೆ! ಅಮ್ಮನಿಗೆ ಬರುತ್ತಿದ್ದ ತಲೆಸುತ್ತಿಗೂ ಬಿಪಿಗೂ ಸಂಬಂಧ ಇದ್ದಿರಲಿಕ್ಕಿಲ್ಲ. ಬಿಪಿ ಏರಿದ ಬಹುಪಾಲು ಜನರಿಗೆ ಯಾವ ಸೂಚನೆಯೂ ಇರುವುದಿಲ್ಲ. ತಲೆಸುತ್ತು ನಿಂತದ್ದನ್ನು ಕಂಡು ಬಿಪಿ ಹೋಯಿತು ಎಂದುಕೊಂಡದ್ದೇ ಅವಳ ತಪ್ಪು ಲೆಕ್ಕ. ಅದನ್ನು ಬಿಡಿಸಿ ಹೇಳದಿದ್ದದ್ದು ನಮ್ಮೆಲ್ಲರ ತಪ್ಪು.

ಅಳೆಯುವ ಕ್ರಮವೂ ಮುಖ್ಯ. ಬಸ್ಸಿಳಿದು ಓಡಿಬಂದು, ಸಾಲಿನಲ್ಲಿ ತಳ್ಳಾಡಿ, ಕೂತ ಕ್ಷಣಕ್ಕೆ ಪಟ್ಟಿ ಸುತ್ತಿದರೆ ಯಾರ ಬಿಪಿಯಾದರೂ ಏರಿಯೇ ಇರುತ್ತದೆ. ಐದು ನಿಮಿಷ ಒರಗಿ ಕೂತು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಅಳೆಯಬೇಕು. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ. ಬೇರೆ ಬೇರೆ ದಿನ ಅಳೆದಾಗಲೂ 140/90 ಮುಟ್ಟಿದರೆ ಅದು ಕಾಯಿಲೆ. ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೂ ಲಕ್ವ ಬರುವ ಸಾಧ್ಯತೆ ಸುಮಾರು ಕಾಲುಭಾಗ ತಗ್ಗುತ್ತದೆ. ದಿನಕ್ಕೆ ಒಂದು ಸಣ್ಣ ಮಾತ್ರೆಗೆ ಇಷ್ಟು ದೊಡ್ಡ ಫಲ ಕೊಡುವ ಚಿಕಿತ್ಸೆಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ. ಆಮ್ಲೊಡಿಪಿನ್ ಕೆಲವರಿಗೆ ಪಾದ ಊದಿಸುತ್ತದೆ, ಇನ್ನು ಕೆಲವು ಬಿಪಿ ಮಾತ್ರೆಗಳು ಒಣಕೆಮ್ಮು ತರುತ್ತವೆ. ಹಾಗಾದಾಗ ಮಾತ್ರೆ ಬಿಡಬಾರದು, ಬದಲಿಸಿಕೊಡಿ ಎಂದು ಕೇಳಬೇಕು. “ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ, ಅಭ್ಯಾಸ ಆಗ್ಬಿಡುತ್ತೆ” ಎಂಬ ಮಾತು ಊರೂರಲ್ಲೂ ಇದೆ. ಅಭ್ಯಾಸ ಆಗುವಂಥದ್ದೇನೂ ಆ ಮಾತ್ರೆಯಲ್ಲಿಲ್ಲ. ಬಿಟ್ಟರೆ ಒತ್ತಡ ಮತ್ತೆ ಏರುತ್ತದೆ, ಅದಕ್ಕೇ ಬಿಡಬಾರದು. ನಾಟಿ ಔಷಧಿಯೇ ಮೇಲು ಅನ್ನುವವರಿಗೂ ಒಂದು ಮಾತು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ವಕೀಲ್ ಅವರು ನಮ್ಮ ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆ ಎಂದು ಜಗತ್ತಿಗೆ ತಿಳಿಸಿದರು. ಬೇರು ನಮ್ಮದೇ, ಆದರೆ ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂದು ಅಳೆದು ನೋಡಿದ ಮೇಲೆಯೇ ಅದು ಔಷಧಿಯಾದದ್ದು.

ಉಪ್ಪಿನ ಮಾತಾಡದೆ ಬಿಪಿಯ ಮಾತು ಮುಗಿಯುವುದಿಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಇಡೀ ದಿನದ ಎಲ್ಲ ಅಡುಗೆ ಸೇರಿ. ನಮ್ಮ ಕಡೆ ಮುದ್ದೆಗೆ ಉಪ್ಪು ಹಾಕುವುದಿಲ್ಲ, ಹಾಗಾಗಿ ಸಾರು ಖಾರವಾಗಿ, ಉಪ್ಪಾಗಿ ಇರಲೇಬೇಕು. ಹೆಸರೇ ಉಪ್ಪುಸಾರು. ಪಕ್ಕಕ್ಕೆ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಹಪ್ಪಳ. ಹೊಲದಲ್ಲಿ ಗುದ್ದಲಿ ಹಿಡಿದು ಬೆವರು ಸುರಿಸಿದ ಅಜ್ಜನಿಗೆ ಸಲ್ಲುತ್ತಿದ್ದ ಊಟ, ಗೋದಾಮಿನ ಗೇಟಿನಲ್ಲಿ ಕುರ್ಚಿ ಹಾಕಿ ಕೂರುವ ಮೊಮ್ಮಗನಿಗೆ ಹೆಚ್ಚಾಗುತ್ತದೆ. ನೆಲಮಂಗಲದ ಹೆದ್ದಾರಿಯುದ್ದಕ್ಕೂ ಗೋದಾಮು, ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ, ಊರೂರಲ್ಲೂ ಬೇಕರಿ. ಹೊಲ ಮಾರಿದವರ ಕಾಲಿಗೆ ನಡಿಗೆ ತಪ್ಪಿತು, ನಾಲಿಗೆಗೆ ಉಪ್ಪು ತಪ್ಪಲಿಲ್ಲ. ಉಪ್ಪನ್ನು ಒಮ್ಮೆಲೇ ಕಿತ್ತುಹಾಕಿದರೆ ಯಾರೂ ಉಣ್ಣುವುದಿಲ್ಲ. ನಮ್ಮ ಮನೆಯಲ್ಲಿ ಸಾರಿಗೆ ಹುಣಸೆ, ಬೆಳ್ಳುಳ್ಳಿ ಒಂದು ಕೈ ಹೆಚ್ಚು ಮಾಡಿ ಉಪ್ಪನ್ನು ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಿದೆವು. ಆರನೇ ವಾರಕ್ಕೆ ನಾಲಿಗೆ ಒಗ್ಗಿತು.

ಸಕ್ಕರೆ ಕಾಯಿಲೆಯಲ್ಲಿ ನಮ್ಮವರ ದೊಡ್ಡ ನಂಬಿಕೆ ರಾಗಿಯದು. ಶುಗರ್ ಬಂತೆಂದರೆ ಅನ್ನ ಬಿಟ್ಟು ಎರಡು ಹೊತ್ತೂ ಎರಡೆರಡು ಮುದ್ದೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದಂಶ ಹೇರಳ, ಪಾಲಿಶ್ ಅಕ್ಕಿಗಿಂತ ಖಂಡಿತ ಮೇಲು. ಆದರೂ ಅದರಲ್ಲಿ ಬಹುಪಾಲು ಪಿಷ್ಟವೇ. ನುಣ್ಣಗೆ ಬೀಸಿ, ಬೇಯಿಸಿ, ಅಗಿಯದೆ ನುಂಗುವ ಮುದ್ದೆ ಬೇಗ ಸಕ್ಕರೆಯಾಗಿ ರಕ್ತ ಸೇರುತ್ತದೆ. ಮುದ್ದೆ ಬಿಡಬೇಕಿಲ್ಲ. ಗಾತ್ರ ಅರ್ಧಕ್ಕಿಳಿಸಿ, ತಟ್ಟೆಯ ಉಳಿದ ಜಾಗಕ್ಕೆ ಬಸ್ಸಾರಿನ ಸೊಪ್ಪು, ಹುರುಳಿಕಾಳು, ಅವರೆಕಾಳು ತುಂಬಿಸಿದರೆ ಅದೇ ಊಟ ಔಷಧಿಗೆ ಜೊತೆಯಾಗುತ್ತದೆ. ಬರಿಹೊಟ್ಟೆಯಲ್ಲಿ 126, ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯಲ್ಲಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಇದೂ ನೋಯುವುದಿಲ್ಲ. ನೋಯದಿರುವುದೇ ಇದರ ಪೆಟ್ಟು ಕೂಡ. ಪಾದದ ನರಗಳು ಮಂಕಾಗಿ, ಬರಿಗಾಲಿನಲ್ಲಿ ಹೊಲಕ್ಕೆ ಹೋದವರಿಗೆ ಜಾಲಿ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಗಾಯ ಕೊಳೆತು ವಾಸನೆ ಬಂದ ಮೇಲೆ ಗೊತ್ತಾಗುತ್ತದೆ. ರಾತ್ರಿ ಮಲಗುವ ಮೊದಲು ಪಾದದ ಅಡಿ, ಬೆರಳ ಸಂದಿ ನೋಡಿಕೊಳ್ಳಲು ಮೊಮ್ಮಗುವಿನ ಕಣ್ಣೂ ಕೈಗನ್ನಡಿಯೂ ಸಾಕು. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಕ್ಷಯ ಬರುವ ಸಾಧ್ಯತೆ ಎರಡು ಮೂರು ಪಟ್ಟು. ಹಳೆಯ ಕಾಯಿಲೆಯೂ ಹೊಸ ಕಾಯಿಲೆಯೂ ಒಂದೇ ಮನೆಯಲ್ಲಿ ಕೈ ಜೋಡಿಸುತ್ತವೆ. ಕ್ಷಯದವರಿಗೆ ಸಕ್ಕರೆ ಪರೀಕ್ಷೆ, ಸಕ್ಕರೆಯವರು ಕೆಮ್ಮಿದರೆ ಕಫ ಪರೀಕ್ಷೆ ಆಗಲೇಬೇಕು.

ರಕ್ತಹೀನತೆಯ ಬಗ್ಗೆ ಎರಡೇ ಮಾತು. ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಇದೆ. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ, ಅಷ್ಟಕ್ಕೇ ಬಿಟ್ಟುಬಿಡುತ್ತಾರೆ. ಕಾಫಿ ಟೀ ಜೊತೆ ನುಂಗಿದರೆ ಕಬ್ಬಿಣ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ, ನಿಂಬೆ ಪಾನಕದ ಜೊತೆ ಚೆನ್ನಾಗಿ ಸೇರುತ್ತದೆ.

ಜನ ಮಾತ್ರೆ ಬಿಡುವುದಕ್ಕೆ ನಂಬಿಕೆಯೊಂದೇ ಕಾರಣವಲ್ಲ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಕೂಲಿ ಸೀರೆಯ ಲೆಕ್ಕ. ಬೆಳಗ್ಗೆ ಆಸ್ಪತ್ರೆ ಸಾಲಿನಲ್ಲಿ ನಿಂತರೆ ಮಗ್ಗ ನಿಲ್ಲುತ್ತದೆ, ಆ ದಿನದ ಕೂಲಿ ಹೋಗುತ್ತದೆ. ಬಾಶೆಟ್ಟಿಹಳ್ಳಿ, ಸೋಂಪುರದ ಕಾರ್ಖಾನೆಗಳಿಗೆ ಬಿಹಾರ, ಒಡಿಶಾದಿಂದ ಬಂದ ಹುಡುಗರು ಗುತ್ತಿಗೆ ಮುಗಿದರೆ ಊರು ಬಿಡುತ್ತಾರೆ, ಚಿಕಿತ್ಸೆ ನಡುವಲ್ಲೇ ಕಡಿಯುತ್ತದೆ. ಕ್ಷಯರೋಗಿಯ ನೋಂದಣಿ ಸಂಖ್ಯೆ ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ನಡೆಯುತ್ತದೆ ಎಂದು ಅವರಿಗೆ ಅವರ ಭಾಷೆಯಲ್ಲಿ ಹೇಳುವವರು ಬೇಕು. ನಮ್ಮ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಒಂದು ಸಲ ಅಮ್ಮನಿಗೆ ಹತ್ತೇ ದಿನದ ಮಾತ್ರೆ ಕೊಟ್ಟು “ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ” ಅಂದಿದ್ದರು. ಹತ್ತು ರೂಪಾಯಿಯ ಮಾತ್ರೆಗೆ ಆಟೋಗೆ ಎಂಬತ್ತು ರೂಪಾಯಿ. ಯಾವ ರೋಗಿ ಎರಡನೇ ಸಲ ಹೋಗುತ್ತಾನೆ?

ಇದಕ್ಕೆ ಪರಿಹಾರ ಯಾರಿಗೂ ತಿಳಿಯದ್ದೇನಲ್ಲ. 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಹಲವು ರಾಜ್ಯಗಳಲ್ಲಿ ಮಾಡಿ ತೋರಿಸಿದ್ದು ಇಷ್ಟೇ: ಎಲ್ಲ ಆಸ್ಪತ್ರೆಯಲ್ಲೂ ಒಂದೇ ಸರಳ ಔಷಧಿ ಕ್ರಮ, ತಪ್ಪದ ದಾಸ್ತಾನು, ಒಂದು ಸಲಕ್ಕೆ ಕನಿಷ್ಠ 30 ದಿನದ ಮಾತ್ರೆ, ಮನೆಗೆ ಹತ್ತಿರದ ಉಪಕೇಂದ್ರದಲ್ಲೇ ವಿತರಣೆ, ಬಾರದವರನ್ನು ಹುಡುಕಿಕೊಂಡು ಹೋಗುವ ನರ್ಸ್. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆ 30 ದಾಟಿದವರ ಬಿಪಿ, ಶುಗರ್ ಅನ್ನು ಮನೆಬಾಗಿಲಲ್ಲೇ ನೋಡುವ ಉದ್ದೇಶದ್ದು. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯೂ ಇದೆ. ಅದು ಜೀವ ಉಳಿಸುವ ಕೆಲಸ, ಆದರೆ ಹತ್ತು ವರ್ಷ ಮೊದಲೇ ಬಿಪಿ ಅಳೆದು ಹಿಡಿದಿದ್ದರೆ ಅವರಲ್ಲಿ ಎಷ್ಟೋ ಜನ ಆ ಇಸಿಜಿ ಮೇಜಿನ ಮೇಲೆ ಮಲಗಬೇಕಾಗಿ ಬರುತ್ತಿರಲಿಲ್ಲ. ಯೋಜನೆಯ ಹೆಸರು ಯಾವುದೇ ಇರಲಿ, ಊರಲ್ಲಿ ಅದರ ಭಾರ ಹೊರುವವರು ಆಶಾ ಕಾರ್ಯಕರ್ತೆಯರು. ಅವರ ಗೌರವಧನ ಹೆಚ್ಚಿಸುವುದು, ಸಮಯಕ್ಕೆ ಕೊಡುವುದು ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯ ಭಾಗವೇ.

ಅಮ್ಮನ ವಿಷಯದಲ್ಲಿ ನನ್ನ ಉಪದೇಶ ಯಾವುದೂ ನಡೆಯಲಿಲ್ಲ. ನಡೆದದ್ದು ಆಶಾ ಕಾರ್ಯಕರ್ತೆಯ ಕೆಲಸ. ಹಬ್ಬ ಕಳೆದ ವಾರ ಆಕೆ ಜಗಲಿಯ ಮೇಲೆ ಕೂತು, ಬಾಟಲಿಯನ್ನೆಲ್ಲ ಬಗ್ಗಿಸಿ, ಅವಧಿ ಮುಗಿದದ್ದನ್ನು ಬೇರೆ ಮಾಡಿ, ಅಮ್ಮನ ಬಿಪಿ ನೋಡಿದರು. 168/96. ಆ ಅಂಕಿಯನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದರು. “ಅಜ್ಜಿ, ದಿನಾ ಬೆಳಗ್ಗೆ ದೇವರಿಗೆ ದೀಪ ಹಚ್ತೀರಲ್ಲ, ಬೆಂಕಿಪೊಟ್ಟಣದ ಪಕ್ಕ ಮಾತ್ರೆ ಇಡಿ. ದೀಪ ಹಚ್ಚಿದ ಕೈಯಲ್ಲೇ ನುಂಗಿ” ಅಂದರು. ದೀಪ ಹಚ್ಚುವುದನ್ನು ಅಮ್ಮ ನಲವತ್ತು ವರ್ಷದಿಂದ ಮರೆತಿಲ್ಲ.

ಈ ಯುಗಾದಿಗೆ ಹೋದಾಗ ಕ್ಯಾಲೆಂಡರ್ ನೋಡಿದೆ. ಚೌಕಗಳಲ್ಲಿ ಅಂಕಿಗಳು ತಿಂಗಳು ತಿಂಗಳು ಇಳಿದಿದ್ದವು. 156, 148, 142. ಆ ದಿನವೂ ಆಶಾ ಬಂದು ಪಟ್ಟಿ ಸುತ್ತಿದರು. 134/82.

“ಸರಿಹೋಯ್ತಲ್ಲ. ಇನ್ನು ನಿಲ್ಲಿಸ್ಲೇನಮ್ಮ?” ಅಮ್ಮ ಆಸೆಯಿಂದ ಕೇಳಿದಳು.

“ಮಾತ್ರೆ ನುಂಗ್ತಿದ್ದೀರಲ್ಲ ಅಜ್ಜಿ, ಅದಕ್ಕೇ ಸರಿಹೋಗಿರೋದು” ಅನ್ನುತ್ತ ಆಕೆ 134/82 ಎಂದು ಚೌಕದಲ್ಲಿ ಬರೆದು, ಚೀಲದಿಂದ ಮೂರು ಸ್ಟ್ರಿಪ್ಪು ತೆಗೆದು ಬೆಂಕಿಪೊಟ್ಟಣದ ಪಕ್ಕ ಇಟ್ಟರು.